ಸೆಸ್ನಾ 172: ರಿವೆಟ್ ಸುತ್ತ ಬಣ್ಣ ಉಬ್ಬಿರುವುದಕ್ಕೆ ಪ್ರತಿಕ್ರಿಯೆ

ನಿಮ್ಮ ಸೆಸ್ನಾ 172 ಸಣ್ಣ ವಿಮಾನದ ರೆಕ್ಕೆಯಲ್ಲಿ ರಿವೆಟ್‌ಗಳ (ತಗಡು ಜೋಡಿಸುವ ಮೊಳೆಗಳ) ಸುತ್ತ ಬಣ್ಣ ಉಬ್ಬಿ, ಹುಳು ಹರಿದ ಹಾಗೆ ಗೆರೆ ಎದ್ದಿದೆ ಅಂದಿದ್ದೀರಿ. ಅದು ಬಹುಶಃ ಫಿಲಿಫಾರ್ಮ್ ತುಕ್ಕು, ಅಂದರೆ ಬಣ್ಣದ ಅಡಿಯಲ್ಲೇ ದಾರದ ಹಾಗೆ ಹಬ್ಬುವ ತುಕ್ಕು. ಫ್ಲೋರಿಡಾದ ಕಡಲ ಪಕ್ಕ ಬಯಲಲ್ಲೇ ನಿಲ್ಲುವ ವಿಮಾನ, ಉಪ್ಪಿನ ತೇವ ಬಣ್ಣದ ಅಡಿಗೆ ಇಳಿದಿರುತ್ತದೆ. ಎಷ್ಟು ಆಳಕ್ಕೆ ತಿಂದಿದೆ ಅನ್ನೋದನ್ನು ಬಣ್ಣ ತೆಗೆಯದೆ ಹೇಳಲು ಆಗುವುದಿಲ್ಲ.

ಮೊದಲು ಇಡೀ ವಿಮಾನವನ್ನು ಸಿಹಿನೀರಲ್ಲಿ ತೊಳೆಯಿರಿ. ಹೊಟ್ಟೆಯಡಿ ನೀರು ಹೋಗುವ ತೂತುಗಳು ಕಟ್ಟಿಕೊಂಡಿವೆಯಾ ನೋಡಿ. ಆಮೇಲೆ ಉಬ್ಬಿದ ಕಡೆ ಬಣ್ಣ ತೆಗೆಸಿ. ಸ್ಟೀಲ್ ಬ್ರಷ್, ಸ್ಟೀಲ್ ವುಲ್ ಮಾತ್ರ ಬೇಡವೇ ಬೇಡ. ಅದರ ಚೂರು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡರೆ ತುಕ್ಕು ಇನ್ನೂ ಜಾಸ್ತಿ ಆಗುತ್ತದೆ. ತುಕ್ಕಿನ ಬಿಳಿ ಪುಡಿ ಪೂರ್ತಿ ಹೋದ ಮೇಲೆ, ತಗಡಿನ ಉಳಿದ ದಪ್ಪವನ್ನು ಲೈಸೆನ್ಸ್ ಇರುವ ಮೆಕ್ಯಾನಿಕ್ ಹತ್ತಿರವೇ ಅಳತೆ ಮಾಡಿಸಿ. ತುಕ್ಕು ತಿಂದಿರುವುದು ಮಿತಿಯೊಳಗಿದ್ದರೆ ಅಲೋಡಿನ್ (ಅಲ್ಯೂಮಿನಿಯಂಗೆ ತುಕ್ಕು ತಡೆಯುವ ರಾಸಾಯನಿಕ ಲೇಪ), ಎಪಾಕ್ಸಿ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ಅಡಿಲೇಪ), ಕೊನೆಗೆ ಬಣ್ಣ. ಮಿತಿ ಮೀರಿದ್ದರೆ ಸುಮ್ನೆ ಬಣ್ಣ ಬಳಿಸಬೇಡಿ, ಆ ಭಾಗವನ್ನು ರಿಪೇರಿ ಮಾಡಿಸಬೇಕು ಇಲ್ಲವೇ ಬದಲಿಸಬೇಕು.

ಹೊರಗೇ ಇಷ್ಟಾಗಿದೆ ಅಂದರೆ ಒಳಗೂ ನೋಡಲೇಬೇಕು ಅಲ್ವಾ? ಬ್ಯಾಟರಿ ಪೆಟ್ಟಿಗೆ, ಕಾರ್ಪೆಟ್ ಅಡಿ, ರೆಕ್ಕೆಯೊಳಗಿನ ಸ್ಪಾರ್ (ರೆಕ್ಕೆಯ ಭಾರ ಹೊರುವ ಮುಖ್ಯ ತೊಲೆ) ಬಿಡಬೇಡಿ. ಬಣ್ಣದ ಕೆಲಸ ಮುಗಿದ ಮೇಲೆ ಒಳಗೆಲ್ಲ ಎಸಿಎಫ್-50 ಅನ್ನೋ ತುಕ್ಕು ತಡೆಯುವ ಎಣ್ಣೆ ಹೊಡೆಸಿ. ಕೆಲವು ದಿನ ರಿವೆಟ್‌ಗಳಿಂದ ಎಣ್ಣೆ ಜಿನುಗುತ್ತದೆ, ಗಾಬರಿ ಬೇಡ, ಒರೆಸಿದರೆ ಸಾಕು. ಕಡಲ ಪಕ್ಕ ಇರುವವರೆಗೂ ವರ್ಷಕ್ಕೊಮ್ಮೆ ಹೊಡೆಸುವುದು ಒಳ್ಳೆಯದು.