ಸಂಪಾದಕರ ಉತ್ತರ: ಎಮ್ಮೆ ಒದ್ದರೆ ಅದೂ ಸಂಶೋಧನೆಯಾ?

ಸಿದ್ದಾಪುರ ತಾಲ್ಲೂಕಿನ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಕೋಪ ಅಕ್ಷರದಲ್ಲೇ ಕಾಣುತ್ತದೆ. ಹೋದ ಚಳಿಗಾಲದಲ್ಲಿ ಅವರ ಊರಿಗೆ ಒಬ್ಬ ವಿದ್ಯಾರ್ಥಿನಿ ಬಂದಿದ್ದಳಂತೆ. ಮಂಗನ ಕಾಯಿಲೆ ಬಗ್ಗೆ ಸಂಶೋಧನೆ ಅಂದಳಂತೆ. ರಕ್ತ ತೆಗೆಯಲಿಲ್ಲ, ಮಾತ್ರೆ ಕೊಡಲಿಲ್ಲ. ಹನ್ನೆರಡು ಜನರನ್ನು ಕೂರಿಸಿಕೊಂಡು ಬರೀ ಮಾತಾಡಿಸಿದಳು. ‘ಉಣುಗಿಗೆ ಕೊಟ್ಟ ಎಣ್ಣೆ ಹಚ್ಚಿಕೊಂಡು ಕೊಟ್ಟಿಗೆಗೆ ಹೋದರೆ ಎಮ್ಮೆ ಒದೆಯುತ್ತದೆ’ ಎಂದು ಇವರ ಹೆಂಡತಿ ಅಂದರೆ ಅದನ್ನೂ ಬರೆದುಕೊಂಡಳು. ‘ಎಮ್ಮೆ ಒದ್ದರೆ ಅದೂ ಸಂಶೋಧನೆಯಾ? ಹನ್ನೆರಡು ಜನ ಸಾಕಾ? ಮನೆ ಮನೆ ಎಣಿಸಿದ್ದರೆ ಉಪಯೋಗಕ್ಕಾದರೂ ಬರುತ್ತಿತ್ತು. ಹೋದವಳು ಈ ಕಡೆ ಮತ್ತೆ ತಲೆ ಹಾಕಿಲ್ಲ’ ಎಂಬುದು ಪತ್ರದ ಸಾರ.

ಮಾನ್ಯರೇ, ನೀವು ನಗೆಪಾಟಲು ಮಾಡಿದ ಆ ಎಮ್ಮೆಯನ್ನೇ ಮೊದಲು ಹಿಡಿಯುತ್ತೇನೆ.

ಮಂಗನ ಕಾಯಿಲೆ ನಿಮಗೆ ಹೊಸದಲ್ಲ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಅದು ಮೊದಲು ಗೊತ್ತಾಯಿತು. ಕಾಯಿಲೆ ಬಂದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಬೆಟ್ಟಕ್ಕೆ ಸೊಪ್ಪಿಗೆ, ತರಗೆಲೆಗೆ, ಕಟ್ಟಿಗೆಗೆ ಹೋದವರಿಗೆ ಉಣುಗು ಹತ್ತುತ್ತದೆ, ಅದು ಕಚ್ಚಿದರೆ ಕಾಯಿಲೆ ಅಂಟುತ್ತದೆ. ಅದಕ್ಕೇ ಇಲಾಖೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಕೊಡುತ್ತದೆ. ಮೊದಲು ಡಿಎಂಪಿ ಎಂಬ ಎಣ್ಣೆ ಇತ್ತು, ಈಗ ಡೇಪಾ ಎಂಬುದು. ಎಣಿಸುವವರು ಬಂದರೆ ಎಷ್ಟು ಬಾಟಲಿ ಹಂಚಿದರು ಎಂದು ಬರೆದುಕೊಳ್ಳುತ್ತಾರೆ. ಎಷ್ಟು ಮನೆಯಲ್ಲಿ ಹಚ್ಚುತ್ತಿಲ್ಲ ಎಂದೂ ಬರೆದುಕೊಂಡಾರು. ಯಾಕೆ ಹಚ್ಚುತ್ತಿಲ್ಲ ಎಂಬಲ್ಲಿಗೆ ಬಂದಾಗ ಅವರ ಹಾಳೆಯಲ್ಲಿ ಒಂದೇ ಸಾಲು ಇರುತ್ತದೆ: ತಿಳಿವಳಿಕೆ ಇಲ್ಲ. ಆಮೇಲೆ ಏನು? ತಿಳಿವಳಿಕೆ ಕೊಡಲು ಒಂದು ಬ್ಯಾನರ್, ಒಂದು ಜಾಥಾ.

ನಿಮ್ಮ ಮನೆಯವರಿಗೆ ತಿಳಿವಳಿಕೆ ಚೆನ್ನಾಗಿಯೇ ಇದೆ. ವಾಸನೆಗೆ ಎಮ್ಮೆ ಸೊರೆ ಬಿಡುವುದಿಲ್ಲ. ಎರಡು ಲೀಟರ್ ಹಾಲು ಹೋದರೆ ಡೇರಿಯ ದುಡ್ಡು ಹೋಯಿತು. ಅವರು ಲೆಕ್ಕ ಹಾಕಿಯೇ ಎಣ್ಣೆ ಬಿಟ್ಟಿದ್ದಾರೆ. ಯಾವ ಪ್ರಶ್ನಾವಳಿಯಲ್ಲಿ ‘ನಿಮ್ಮ ಎಮ್ಮೆ ಒದೆಯುತ್ತದೆಯೇ? ಹೌದು / ಇಲ್ಲ’ ಎಂದು ಇರುತ್ತದೆ ಹೇಳಿ? ಅಂಥ ಮಾತು ಜಗಲಿಯಲ್ಲಿ ಕೂತು ಎರಡನೇ ಲೋಟ ಚಹಾ ಕುಡಿಯುವಾಗ ಬರುತ್ತದೆ. ಆ ಹುಡುಗಿ ಅಷ್ಟು ಹೊತ್ತು ಕೂತಿದ್ದಳಲ್ಲ, ಅದು ಅವಳ ಕೆಲಸವೇ.

ಹಳೆಯ ಲಸಿಕೆಯ ಕಥೆಯೂ ಹೀಗೇ. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ. ಒಂದು ಡೋಸ್ ತಗೊಂಡು ಬಿಟ್ಟವರೇ ಬಹಳ. ಈಗ ಆ ಲಸಿಕೆಯೇ ನಿಂತಿದೆ. ಆಗ ನಾನು ಒಬ್ಬ ಕೂಲಿ ಹೆಂಗಸನ್ನು ಕೇಳಿದ್ದೆ. ‘ರಟ್ಟೆ ಬಾತು ಎರಡು ದಿನ ಎತ್ತಲಿಕ್ಕೆ ಆಗಲಿಲ್ಲ. ಕೊನೆಕೊಯ್ಲಿನ ಹೊತ್ತು. ಅಡಿಕೆ ಸುಲಿಯುವವರು ಯಾರು?’ ಅಂದಿದ್ದಳು. ಅವಳಿಗೆ ಲಸಿಕೆಯ ಮೇಲೆ ಸಿಟ್ಟಿರಲಿಲ್ಲ, ಅದು ಬಂದ ಹೊತ್ತಿನ ಮೇಲಿತ್ತು.

ಶಬ್ದದ ತೊಡಕು ಇನ್ನೊಂದು. ‘ನಿಮಗೆ ರಕ್ತಹೀನತೆ ಇದೆಯೇ?’ ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ‘ಕೂತು ಎದ್ದರೆ ಕಣ್ಣು ಕತ್ತಲೆ ಬರುತ್ತಾ?’ ಅಂದರೆ ‘ಅದು ದಿನಾ ಇದ್ದದ್ದೇ ಅಲ್ವಾ?’ ಎನ್ನುತ್ತಾರೆ. ಅದೂ ಅತ್ತೆ ಒಳಗೆ ಹೋದ ಮೇಲೆ. ಕರಾವಳಿಗೆ ಇಳಿದರೆ ‘ಮನೆಯಲ್ಲಿ ಶೌಚಾಲಯ ಇದೆಯೇ’ ಎಂಬ ಪ್ರಶ್ನೆಗೆ ಹೌದು ಎಂದೇ ಉತ್ತರ. ಆದರೆ ಮೀನು ಮಾರುವ ಹೆಂಗಸು ಬೆಳಗಿನಿಂದ ಮಧ್ಯಾಹ್ನದವರೆಗೆ ಇರುವುದು ಮಾರ್ಕೆಟ್ಟಿನಲ್ಲಿ. ‘ಅದಕ್ಕೇ ನೀರೇ ಕುಡಿಯುವುದಿಲ್ಲ’ ಎಂದು ಅಂಕೋಲೆಯ ಕಡೆ ಒಬ್ಬಾಕೆ ನನ್ನೆದುರು ನಕ್ಕಿದ್ದಳು. ಉರಿಮೂತ್ರದ ಲೆಕ್ಕ ಎಲ್ಲೋ ಇರುತ್ತದೆ. ಅದಕ್ಕೂ ಮಾರ್ಕೆಟ್ಟಿಗೂ ಇರುವ ನಂಟು ಈ ನಗೆಯಲ್ಲಿ ಮಾತ್ರ ಸಿಕ್ಕಿತು.

ಹನ್ನೆರಡು ಸಾಕಾ ಎಂದು ಕೇಳಿದ್ದೀರಿ. ಇಂಥ ಸಂಶೋಧನೆಯಲ್ಲಿ ಮಾತು ತಿರುಗಿ ತಿರುಗಿ ಅದೇ ಬರತೊಡಗಿದಾಗ ನಿಲ್ಲಿಸುತ್ತಾರೆ. ಘಾನಾ ಮತ್ತು ನೈಜೀರಿಯಾದ 60 ಹೆಂಗಸರ ಸಂದರ್ಶನಗಳನ್ನು ಮತ್ತೆ ಜಾಲಾಡಿದವರು 2006ರಲ್ಲಿ ಒಂದು ಮಾತು ಹೇಳಿದರು: ಹೆಚ್ಚಿನ ವಿಷಯ ಮೊದಲ ಹನ್ನೆರಡರಲ್ಲೇ ಬಂದುಬಿಟ್ಟಿತ್ತು. ಅಂದಿನಿಂದ ಹನ್ನೆರಡು ಎಂಬುದು ಕೆಲವರಿಗೆ ಮಂತ್ರವಾಗಿದೆ. ಇಲ್ಲಿ ನನಗೂ ತಕರಾರಿದೆ. ಆ ಹೆಂಗಸರ ಸ್ಥಿತಿಗತಿ ಹೆಚ್ಚುಕಡಿಮೆ ಒಂದೇ ಥರ ಇತ್ತು. ನಮ್ಮ ಜಿಲ್ಲೆಯಲ್ಲಿ ಹವ್ಯಕರ ಕೇರಿ, ಹಾಲಕ್ಕಿಗಳ ಕೊಪ್ಪ, ಸಿದ್ದಿಗಳ ಹಾಡಿ, ಗೌಳಿಗಳ ದೊಡ್ಡಿ ಇವುಗಳಿಗೆಲ್ಲ ಒಂದೇ ಹನ್ನೆರಡು ಹೇಗೆ ಸಾಕಾಗುತ್ತದೆ? ಆ ಹುಡುಗಿ ರಸ್ತೆ ಬದಿಯ ಹನ್ನೆರಡು ಮನೆಗಷ್ಟೇ ಹೋಗಿದ್ದರೆ ನಿಮ್ಮ ದೂರು ಸರಿ. ಬೆಟ್ಟಕ್ಕೆ ಹೋಗುವುದು ಮನೆ ಯಜಮಾನನಲ್ಲ, ಕೂಲಿಯವಳು. ಅವಳನ್ನು ಮಾತಾಡಿಸಿದ್ದಳಾ ಎಂದು ಕೇಳಬೇಕಿತ್ತು.

ಹಾಗಂತ ಎಣಿಕೆ ಬೇಡ ಎನ್ನುತ್ತಿಲ್ಲ. ಎಣಿಸದಿದ್ದರೆ ಎಣ್ಣೆ ಯಾವ ಊರಿಗೆ ಕಳಿಸಬೇಕು ಎಂಬುದೇ ತಿಳಿಯುವುದಿಲ್ಲ.

ನಿಮ್ಮ ಕೊನೆಯ ಮಾತಿಗೆ ನನ್ನಲ್ಲಿ ಸಮರ್ಥನೆ ಇಲ್ಲ. ಅರ್ಧ ದಿನದ ಕೆಲಸ ಬಿಟ್ಟು ಮಾತಾಡಿದವರಿಗೆ, ಏನು ಸಿಕ್ಕಿತು ಎಂದು ಬಂದು ಹೇಳದೇ ಹೋಗುವುದು ತಪ್ಪು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿಸೂತ್ರಗಳಲ್ಲೂ ಒಪ್ಪಿಗೆಯ ಮಾತಿದೆ, ಸಂಶೋಧನೆಯ ಲಾಭ ಜನರಿಗೂ ತಲುಪಬೇಕು ಎಂದಿದೆ. ಮುಂದಿನ ಸಲ ಯಾರೇ ರೆಕಾರ್ಡರ್ ಹಿಡಿದು ಬಂದರೂ ಚಹಾಕ್ಕೆ ಮೊದಲೇ ಕೇಳಿ: ಯಾವ ಕಾಲೇಜು? ಈ ಧ್ವನಿ ಯಾರು ಕೇಳುತ್ತಾರೆ? ಬರೆದದ್ದನ್ನು ಶಾಲೆ ಅಂಗಳದಲ್ಲಿ ಕನ್ನಡದಲ್ಲಿ ಓದಿ ಹೇಳುತ್ತೀರಾ? ಇಲ್ಲ ಅಂದರೆ ಬಾಗಿಲು ಹಾಕುವ ಹಕ್ಕು ನಿಮ್ಮದು. ಮಧ್ಯದಲ್ಲಿ ಎದ್ದು ಹೋಗಲೂಬಹುದು.

ಒಂದು ಪ್ರಶ್ನೆ ನಿಮ್ಮ ಮನೆಯವರಿಗೆ. ಬೆಟ್ಟದಿಂದ ಬಂದು, ಮೈ ತೊಳೆದು, ಸೀರೆ ಬದಲಿಸಿ ಹಾಲು ಕರೆಯಲು ಕೂತರೆ ಎಮ್ಮೆ ಸುಮ್ನಿರುತ್ತದಾ, ಆಗಲೂ ಒದೆಯುತ್ತದಾ? ಉತ್ತರವನ್ನು ಅವರೇ ಬರೆಯಲಿ. ಊರಿನ ಆಶಾ ಕಾರ್ಯಕರ್ತೆಗೂ ಹೇಳಲಿ. ಈ ಸಲದ ಎಣ್ಣೆ ಹಂಚುವ ಮೊದಲು.