ಗೇಮ್ ತೆವಳುತ್ತಿದೆಯಾ? ಚಿತ್ರ ಬಿಡಿಸುತ್ತಿರುವುದು ಯಾರು ಅಂತ ಮೊದಲು ನೋಡಿ

ಪ್ರಶ್ನೆ: ಸರ್, ನನ್ನದು 2011ರ ಲ್ಯಾಪ್‌ಟಾಪ್. ಎರಡನೇ ತಲೆಮಾರಿನ ಇಂಟೆಲ್ ಐ3, 4 ಜಿಬಿ ರ‍್ಯಾಮ್. ವಿಂಡೋಸ್ ತೀರಾ ನಿಧಾನವಾಯಿತು ಅಂತ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಇನ್‌ಸ್ಟಾಲ್ ಮಾಡುವಾಗ ಸ್ಕ್ರೀನ್ ಕಪ್ಪಾಗುತ್ತಿತ್ತು, ಗೆಳೆಯರು ಹೇಳಿದಂತೆ ಬೂಟ್ ಸಾಲಿಗೆ ‘ನೋಮೋಡ್‌ಸೆಟ್’ ಸೇರಿಸಿದ ಮೇಲೆ ಸರಿಹೋಯಿತು. ಬೇರೆಲ್ಲ ಕೆಲಸ ಚೆನ್ನಾಗಿದೆ. ಆದರೆ ಮಗಳಿಗೆ ಅಂತ ಹಾಕಿದ ಸೂಪರ್‌ಟಕ್ಸ್‌ಕಾರ್ಟ್ ಅನ್ನುವ ರೇಸ್ ಗೇಮ್ ಒಂದೊಂದೇ ಫೋಟೋ ತೋರಿಸಿದ ಹಾಗೆ ಓಡುತ್ತದೆ, ಫ್ಯಾನ್ ಜೋರಾಗಿ ಕೂಗುತ್ತದೆ. ಎಲ್ಲರೂ ಹೊಸದು ತಗೊಳ್ಳಿ ಅಂತಾರೆ. ಬೇರೆ ದಾರಿ ಇಲ್ಲವಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹೊಸದು ಬೇಡ, ಸ್ವಲ್ಪ ತಡೆಯಿರಿ. ಆ ‘ನೋಮೋಡ್‌ಸೆಟ್’ ಇನ್‌ಸ್ಟಾಲ್ ಮುಗಿದ ಮೇಲೂ ಅಲ್ಲೇ ಉಳಿದುಕೊಂಡಿರಬೇಕು. ಅದು ಇದ್ದರೆ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಶುರುವಾಗುವುದೇ ಇಲ್ಲ. ಆಗ ಮೆಸಾ, ಅಂದರೆ ಲಿನಕ್ಸ್‌ನಲ್ಲಿ ಓಪನ್‌ಜಿಎಲ್ (ಗೇಮ್‌ಗಳು 3ಡಿ ಚಿತ್ರ ಬಿಡಿಸಲು ಬಳಸುವ ವ್ಯವಸ್ಥೆ) ಕೆಲಸ ನೋಡಿಕೊಳ್ಳುವ ತಂತ್ರಾಂಶ, ಬೇರೆ ಗತಿ ಇಲ್ಲದೆ ಎಲ್‌ಎಲ್‌ವಿಎಂಪೈಪ್ ಅನ್ನುವುದರ ಮೂಲಕ ಇಡೀ ಚಿತ್ರವನ್ನು ಪ್ರೊಸೆಸರ್ ಕೈಯಲ್ಲೇ ಬಿಡಿಸುತ್ತದೆ. ಬ್ರೌಸರ್‌ಗೆ ಅಷ್ಟು ಸಾಕು, ಅದಕ್ಕೇ ನಿಮಗೆ ಇಷ್ಟು ದಿನ ಗೊತ್ತಾಗಿಲ್ಲ. ರೇಸ್‌ಗೆ ಎಲ್ಲಿ ಸಾಲುತ್ತದೆ? ಫ್ಯಾನ್ ಕೂಗುವುದೂ ಅದಕ್ಕೇ. ಬ್ರೈಟ್‌ನೆಸ್ ಕೀಗಳೂ ಕೆಲಸ ಮಾಡುತ್ತಿಲ್ಲ ಅಂದರೆ ಅನುಮಾನ ಇನ್ನೂ ಗಟ್ಟಿ.

ಖಚಿತ ಮಾಡಿಕೊಳ್ಳಲು ‘ಮೆಸಾ-ಯುಟಿಲ್ಸ್’ ಪ್ಯಾಕೇಜ್ ಹಾಕಿ, ಟರ್ಮಿನಲ್‌ನಲ್ಲಿ ‘ಜಿಎಲ್‌ಎಕ್ಸ್‌ಇನ್ಫೋ’ ಅಂತ ಹೊಡೆದು, ಜಾಗ ಬಿಟ್ಟು, ಅಡ್ಡಗೆರೆ (-) ಮತ್ತು ದೊಡ್ಡಕ್ಷರದ ಬಿ ಸೇರಿಸಿ. ರೆಂಡರರ್, ಅಂದರೆ ಚಿತ್ರ ಬಿಡಿಸುತ್ತಿರುವುದು ಯಾರು ಅಂತ ಹೇಳುವ ಸಾಲಿನಲ್ಲಿ ಎಲ್‌ಎಲ್‌ವಿಎಂಪೈಪ್ ಕಂಡರೆ ಕಾರಣ ಸಿಕ್ಕಿತು.

ಈಗ ಆ ಪದ ತೆಗೆಯಬೇಕು, ಆದರೆ ಒಂದೇ ಸಲಕ್ಕೆ ಫೈಲ್‌ಗೆ ಕೈ ಹಾಕಬೇಡಿ. ಆನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿಯಿರಿ, ಹಳೇ ಬಯಾಸ್ ಬದಲು ಯುಇಎಫ್‌ಐ ಇದ್ದರೆ ಎಸ್ಕೇಪ್, ಲಿನಕ್ಸ್ ಶುರು ಮಾಡಿಸುವ ಗ್ರಬ್‌ನ ಮೆನು ಬರುತ್ತದೆ. ಅಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಅಂತ ಶುರುವಾಗುವ ಸಾಲಿನಲ್ಲಿ ಆ ಪದ ಅಳಿಸಿ, ಎಫ್10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ, ಸ್ಕ್ರೀನ್ ಮತ್ತೆ ಕಪ್ಪಾದರೂ ರೀಸ್ಟಾರ್ಟ್ ಮಾಡಿದರೆ ಮೊದಲಿನಂತೆಯೇ ಇರುತ್ತದೆ. ಸರಿಯಾಗಿ ಬೂಟ್ ಆದರೆ ಜಿಎಲ್‌ಎಕ್ಸ್‌ಇನ್ಫೋ ಮತ್ತೆ ಹೊಡೆಯಿರಿ, ರೆಂಡರರ್ ಸಾಲಿನಲ್ಲಿ ಇಂಟೆಲ್ ಎಚ್‌ಡಿ ಗ್ರಾಫಿಕ್ಸ್ 3000 ಬಂತು ಅಂದರೆ ಗೆದ್ದಿರಿ. ಆಮೇಲೆ ‘ಇಟಿಸಿ’ ಒಳಗಿನ ‘ಡಿಫಾಲ್ಟ್’ ಫೋಲ್ಡರ್‌ನ ‘ಗ್ರಬ್’ ಫೈಲ್‌ನಲ್ಲೂ ಅಳಿಸಿ, ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ.

ಚಿಪ್ ಹಳೆಯದು ಅಂತ ಬೇಜಾರು ಬೇಡ. ಓಪನ್‌ಜಿಎಲ್ 3.3 ಅದಕ್ಕೆ ಬರುತ್ತದೆ. ಇಂಥ ಹಳೇ ಇಂಟೆಲ್ ಚಿಪ್‌ಗಳಿಗೆ ಅಂತಲೇ ಡೇವ್ ಏರ್ಲಿ ಮತ್ತಿತರರು ಬರೆದ ಕ್ರೋಕಸ್ ಡ್ರೈವರ್ 2021ರಲ್ಲಿ ಮೆಸಾಗೆ ಸೇರಿತು. ಹತ್ತು ವರ್ಷದ ಚಿಪ್‌ಗೆ ಹೊಸ ಡ್ರೈವರ್! ನನಗೆ ಲಿನಕ್ಸ್ ಇಷ್ಟವಾಗುವುದೇ ಇಂಥದ್ದಕ್ಕೆ. ಇನ್ನೊಂದು ಮಾತು, ಈ ಚಿಪ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ತೆಗೆದುಕೊಳ್ಳುತ್ತದೆ. ನಿಮ್ಮ 4 ಜಿಬಿ ಒಂದೇ ಕಡ್ಡಿಯಾಗಿದ್ದರೆ ಅದೇ ಥರದ ಇನ್ನೊಂದು ಹಾಕಿಸಿ, ಗೇಮ್‌ನಲ್ಲಿ ವ್ಯತ್ಯಾಸ ಕಾಣುತ್ತದೆ.

ಪ್ರಶ್ನೆ: ಜಿಫೋರ್ಸ್ 9600ಎಂ ಇರುವ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಅಪ್‌ಗ್ರೇಡ್ ಮಾಡಿದೆ. ಎನ್‌ವಿಡಿಯಾ 340 ಡ್ರೈವರ್ ಈಗ ಕೂರುವುದೇ ಇಲ್ಲ, ಗೇಮ್ ಒಂದೂ ಓಡುತ್ತಿಲ್ಲ.
— ಓದುಗರೊಬ್ಬರು, ಹಾಸನ

ಉತ್ತರ: ಅದರ ಹಿಂದೆ ಸುಮ್ನೆ ಅಲೆಯಬೇಡಿ. 340 ಸರಣಿಗೆ ಕಂಪನಿ 2019ರ ಕೊನೆಗೇ ಬೆಂಬಲ ನಿಲ್ಲಿಸಿದೆ. ನಿಮಗಿರುವುದು ನೂವೋ, ಅಂದರೆ ಲಿನಕ್ಸ್ ಜೊತೆಗೇ ಬರುವ ಎನ್‌ವಿಡಿಯಾ ಕಾರ್ಡ್‌ಗಳ ಮುಕ್ತ ಡ್ರೈವರ್. ಅದೂ ಬರುತ್ತಿಲ್ಲ ಅಂದರೆ ಹಳೇ ಡ್ರೈವರ್ ಬಿಟ್ಟುಹೋದ ಫೈಲ್ ಅದನ್ನು ತಡೆಯುತ್ತಿರುತ್ತದೆ. ಎನ್‌ವಿಡಿಯಾ ಹೆಸರಿನ ಪ್ಯಾಕೇಜ್ ಎಲ್ಲ ಪರ್ಜ್ ಮಾಡಿ, ಅಂದರೆ ಸೆಟ್ಟಿಂಗ್ ಫೈಲ್ ಸಮೇತ ತೆಗೆದುಹಾಕಿ. ‘ಇಟಿಸಿ’ಯ ‘ಮಾಡ್‌ಪ್ರೋಬ್ ಡಾಟ್ ಡಿ’ ಫೋಲ್ಡರ್‌ನಲ್ಲಿ ನೂವೋ ಹೆಸರಿನ ಬ್ಲ್ಯಾಕ್‌ಲಿಸ್ಟ್ (ಅದನ್ನು ಶುರುವಾಗದಂತೆ ತಡೆಯುವ) ಸಾಲು ಇದ್ದರೆ ಅಳಿಸಿ. ಆಮೇಲೆ ‘ಸುಡೊ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್’ ಹೊಡೆದು, ಜಾಗ ಬಿಟ್ಟು ಅಡ್ಡಗೆರೆ, ಸಣ್ಣಕ್ಷರದ ಯು ಸೇರಿಸಿ, ರೀಸ್ಟಾರ್ಟ್ ಮಾಡಿ. ನೂವೋ ತಾನಾಗಿ ಈ ಕಾರ್ಡನ್ನು ಪೂರ್ತಿ ವೇಗಕ್ಕೆ ಏರಿಸುವುದಿಲ್ಲ, ಹಾಗಾಗಿ ಜಾಸ್ತಿ ನಿರೀಕ್ಷೆ ಬೇಡ. ಕ್ವೇಕ್ 3 ಕಾಲದ ಎಂಜಿನ್ ಮೇಲೆ ನಿಂತ ಓಪನ್‌ಅರೀನಾದಂಥ ಗೇಮ್‌ಗಳಿಂದ ಶುರು ಮಾಡಿ.