ಪ್ರತಿಕ್ರಿಯೆ: ಸ್ವಿಚ್‌ನೊಳಗಿನ ಕಂಟೇನರ್ ಗೇಟ್‌ವೇ ತಲುಪದಿರುವ ಬಗ್ಗೆ

ನಮಸ್ಕಾರ. ಸಿಸ್ಕೋ ಕ್ಯಾಟಲಿಸ್ಟ್ 9300 ಸ್ವಿಚ್‌ನಲ್ಲಿ (ನೆಟ್‌ವರ್ಕ್‌ನ ಸಾಧನಗಳನ್ನು ಜೋಡಿಸುವ ಪೆಟ್ಟಿಗೆ) ಡಾಕರ್ ಕಂಟೇನರ್ (ಆಪ್ ಒಂದನ್ನು ಪ್ರತ್ಯೇಕವಾಗಿ ಓಡಿಸುವ ಸಾಫ್ಟ್‌ವೇರ್ ಪೊಟ್ಟಣ) ‘ರನ್ನಿಂಗ್’ ಎಂದು ತೋರಿಸುತ್ತಿದ್ದರೂ ಅದರೊಳಗಿಂದ ಗೇಟ್‌ವೇಗೆ (ಬೇರೆ ನೆಟ್‌ವರ್ಕ್‌ಗಳಿಗೆ ದಾರಿಯಾಗುವ ಸಾಧನ) ಪಿಂಗ್ (ಸಂಪರ್ಕ ಪರೀಕ್ಷಿಸುವ ಸಂದೇಶ) ಏಕೆ ಹೋಗುತ್ತಿಲ್ಲ ಎಂದು ಕೇಳಿದ್ದೀರಿ. ಕಂಟೇನರ್‌ನ ಟ್ರಾಫಿಕ್ ಸ್ವಿಚ್‌ನ ಒಳಗೇ ಇರುವ ಆಪ್‌ಗಿಗಾಬಿಟ್‌ಈಥರ್ನೆಟ್ 1/0/1 ಎಂಬ ಪೋರ್ಟ್‌ನ ಮೂಲಕ ಹಾದುಹೋಗುವುದರಿಂದ, ಆ ಪೋರ್ಟ್ ಟ್ರಂಕ್ ಮೋಡ್‌ನಲ್ಲಿದೆಯೇ (ಹಲವು ವಿ-ಲ್ಯಾನ್‌ಗಳ, ಅಂದರೆ ನೆಟ್‌ವರ್ಕ್‌ನಲ್ಲಿ ಬೇರ್ಪಡಿಸಿದ ಭಾಗಗಳ, ಟ್ರಾಫಿಕ್ ಒಯ್ಯುವ ಸ್ಥಿತಿ), ನಿಮ್ಮ ವಿ-ಲ್ಯಾನ್‌ಗೆ ಅದರಲ್ಲಿ ಅನುಮತಿ ಇದೆಯೇ ಎಂಬುದನ್ನು ಮೊದಲು ನೋಡಿ. ಹೊರಗಿನ ಪೋರ್ಟ್‌ಗಳನ್ನೆಲ್ಲ ಜಾಲಾಡಿ, ಕಣ್ಣಿಗೆ ಕಾಣದ ಇದೊಂದನ್ನು ಮರೆಯುವುದು ಬಹಳ ಸುಲಭ. ಅದೇ ವಿ-ಲ್ಯಾನ್ ಸಂಖ್ಯೆ ಆಪ್-ಹೋಸ್ಟಿಂಗ್ ಕಾನ್ಫಿಗರೇಶನ್‌ನಲ್ಲಿಯೂ (ಸ್ವಿಚ್‌ನಲ್ಲಿ ಆಪ್ ನಡೆಸಲು ಕೊಡುವ ಸೆಟ್ಟಿಂಗ್‌ಗಳು) ಇರಬೇಕು. ಕಂಟೇನರ್‌ನ ಡೀಫಾಲ್ಟ್ ಗೇಟ್‌ವೇಯನ್ನೂ ಅಲ್ಲಿಯೇ ಕೊಡಬೇಕು. ತಿದ್ದುಪಡಿ ಮಾಡುವ ಮೊದಲು ಆಪ್ ಅನ್ನು (ಅಂದರೆ ಆ ಕಂಟೇನರ್ ಅನ್ನು) ನಿಲ್ಲಿಸಿ ಡೀಆಕ್ಟಿವೇಟ್ ಮಾಡಿ, ಆಮೇಲೆ ಮತ್ತೆ ಆಕ್ಟಿವೇಟ್ ಮಾಡಿ ಸ್ಟಾರ್ಟ್ ಮಾಡಿ. ಹೊಸ ನೆಟ್‌ವರ್ಕ್ ವಿಳಾಸ ಕಂಟೇನರ್‌ಗೆ ದೊರೆಯುವುದು ಆಕ್ಟಿವೇಟ್ ಆಗುವ ಆ ಹಂತದಲ್ಲಿಯೇ.